ಮೈದಾ ಗೋಂದಿನ ಸ್ವಾತಂತ್ರ್ಯೋತ್ಸವ

ಶಿಶುವಿಹಾರದ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಮೊದಲು ಕಲಿಯಬೇಕಾದದ್ದು ಹಾಡೂ ಅಲ್ಲ, ಕಥೆಯೂ ಅಲ್ಲ; ಗೋಂದು ಕಾಯಿಸುವುದು. ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿಟ್ಟು, ಕೈ ಬಿಡದೆ ತಿರುಗಿಸಬೇಕು. ಪುಸ್ತಕಕ್ಕೆ ರಟ್ಟು ಹಾಕುವವರು ಹುಳ ಹಿಡಿಯದಿರಲಿ ಎಂದು ಅದಕ್ಕೆ ಮೈಲುತುತ್ತವೆಂಬ ವಿಷ ಹಾಕುತ್ತಾರೆ. ನಾವು ಹಾಕುವಂತಿರಲಿಲ್ಲ. ಏಕೆಂದರೆ ದೇಶದ ಭಾವೀ ಪ್ರಜೆಗಳು ಗೋಂದಿನಲ್ಲಿ ಅರ್ಧವನ್ನು ಕಾಗದಕ್ಕೆ ಹಚ್ಚಿ, ಉಳಿದರ್ಧವನ್ನು ತಿನ್ನುತ್ತಿದ್ದರು. “ಮಿಸ್, ಮನೇಲಿ ಊಟಾನೇ ಮಾಡಲ್ಲ” ಎಂಬ ತಾಯಂದಿರ ದೂರು ಆಗಸ್ಟ್ ತಿಂಗಳಲ್ಲಿ ಯಾವಾಗಲೂ ಹೆಚ್ಚು. ಕಾರಣ ನನಗೆ ಗೊತ್ತಿತ್ತು, ಹೇಳುತ್ತಿರಲಿಲ್ಲ.

ನಾನು ಕೆಲಸ ಮಾಡಿದ್ದು ಆರ್.ಟಿ. ನಗರ ಮುಗಿದು ಹೆಬ್ಬಾಳದ ಕಡೆಗೆ ಹೊಲಗಳು ಶುರುವಾಗುತ್ತಿದ್ದ ಜಾಗದಲ್ಲಿ. ಎಪ್ಪತ್ತರ ದಶಕದ ನಡುವೆ ನಾನು ಸೇರಿದಾಗ ಒಂದು ಕಡೆ ಸೈಟಿನ ಕಲ್ಲು ನೆಟ್ಟಿದ್ದರು, ಇನ್ನೊಂದು ಕಡೆ ರಾಗಿ ಬೆಳೆದಿತ್ತು. ನಡುವೆ ನಮ್ಮ ಶೆಡ್ಡು. ಹೊಸ ಬಡಾವಣೆಯ ಹೆಂಗಸರು ಕಟ್ಟಿಕೊಂಡ ಮಹಿಳಾ ಸಮಾಜವೊಂದು ಅದರಲ್ಲಿ ಶಿಶುವಿಹಾರ ನಡೆಸುತ್ತಿತ್ತು. ಬಡ್ತಿಯ ಬಗ್ಗೆ ಹೇಳುವುದಕ್ಕೇನೂ ಇಲ್ಲ. ಸೇರಿದ ದಿನ ವಿಶಾಲು ಮಿಸ್ ಆಗಿದ್ದೆ, ಬಿಟ್ಟ ದಿನವೂ ವಿಶಾಲು ಮಿಸ್ ಆಗಿಯೇ ಇದ್ದೆ.

ನನ್ನ ಮೇಲಿನವರು ಇಬ್ಬರು. ಮೊದಲನೆಯವರು ಸಮಾಜದ ಕಾರ್ಯದರ್ಶಿ ರಾಜಲಕ್ಷ್ಮಿ ಮೇಡಂ. ಬ್ಯಾಂಕ್ ಅಧಿಕಾರಿಯ ಹೆಂಡತಿ, ಒಳ್ಳೆಯ ಮನಸ್ಸಿನವರು, ಮಕ್ಕಳೆಂದರೆ ಪ್ರಾಣ. ಮಕ್ಕಳು ಮಾಡಿದ ವಸ್ತುಗಳನ್ನು ಮಾತ್ರ ಅವರಿಗೆ ನೋಡಲಾಗುತ್ತಿರಲಿಲ್ಲ. ನಾನು ಸೇರಿದ ವರ್ಷದ ಆಗಸ್ಟ್ ಹದಿನೈದಕ್ಕೆ ಮಕ್ಕಳಿಂದ ನವಿಲು ಮಾಡಿಸಿದ್ದೆ. ಬಣ್ಣದ ಕಾಗದದ ಚೂರುಗಳನ್ನು ಅವರೇ ಅಂಟಿಸಿದ್ದರು. ಮೇಡಂ ಒಂದನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು.

“ವಿಶಾಲಾಕ್ಷಿ, ಇದು ಕೋಳೀನೇನ್ರೀ?”

“ನವಿಲು ಮೇಡಂ. ರಾಷ್ಟ್ರಪಕ್ಷಿ.”

“ಫಿನಿಶಿಂಗೇ ಇಲ್ವಲ್ರೀ!”

“ಮೂರು ವರ್ಷದ ಮಗು ಮಾಡಿದ್ದು ಮೇಡಂ.”

“ಅದು ನೋಡಿದ್ರೆ ಗೊತ್ತಾಗ್ಬಾರ್ದು ಕಣ್ರೀ.”

ಆ ಮಧ್ಯಾಹ್ನ ಸಮಾಜದ ಹೆಂಗಸರೆಲ್ಲ ಚಾಪೆ ಹಾಸಿಕೊಂಡು ಕೂತು, ಕತ್ತರಿ ಹಿಡಿದು, ಹೊಸ ನವಿಲುಗಳನ್ನು ಮಾಡಿದರು. ಕೆಳಗೆ ಮಕ್ಕಳ ಹೆಸರು ಬರೆದು ಗುಂಡುಸೂಜಿ ಚುಚ್ಚಿದರು. ಮಕ್ಕಳು ಏನು ಮಾಡುತ್ತಿದ್ದರು ಎಂದು ಕೇಳಬೇಡಿ. ಅವರನ್ನು ಆಚೆ ಆಟಕ್ಕೆ ಕಳಿಸಿದ್ದೆವು, ಕೈಗಡ್ಡ ಬರುತ್ತಾರೆಂದು.

ಮಾರನೆಯ ದಿನ ಮೆಹರುನ್ನೀಸಾ ಬಂದರು. ಆರ್.ಟಿ. ನಗರದ ಟೈಲರ್ ಒಬ್ಬರ ಹೆಂಡತಿ. ಅವರ ಮಕ್ಕಳು ಒಬ್ಬರ ಹಿಂದೊಬ್ಬರು ನಮ್ಮಲ್ಲಿಗೇ ಬಂದರು. ಆಗ ದೊಡ್ಡ ಮಗಳು ಶಾಹಿದಾ ನಮ್ಮಲ್ಲಿದ್ದಳು. ಅವಳ ಹೆಸರಿನ ನವಿಲಿನ ಮುಂದೆ ಮೆಹರುನ್ನೀಸಾ ಬಹಳ ಹೊತ್ತು ನಿಂತರು.

“ಅರೇ ವಾಹ್ ಮಿಸ್! ನಮ್ ಶಾಹಿದಾ ಇಷ್ಟು ಚೆನ್ನಾಗಿ ಕತ್ತರಿಸ್ತಾಳಾ? ಮನೇಲಿ ಕತ್ತರಿ ಸಿಕ್ಕಿದ್ರೆ ತಮ್ಮನ ಕೂದಲಿಗೇ ಹಾಕ್ತಾಳೆ!” ಎಂದರು. ಆಮೇಲೆ ನನ್ನ ಮುಖ ನೋಡಿ, ಅರ್ಥ ಮಾಡಿಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಅಂದಿನಿಂದ ನಾವಿಬ್ಬರೂ ಸ್ನೇಹಿತರಾದೆವು.

ಎರಡನೆಯ ಮೇಲಧಿಕಾರಿ ಸುಬೇದಾರ್ ಮುನಿಶಾಮಪ್ಪನವರು. ಅವರಿಗೂ ಶಿಶುವಿಹಾರಕ್ಕೂ ಕಾಗದದ ಮೇಲೆ ಯಾವ ಸಂಬಂಧವೂ ಇರಲಿಲ್ಲ. ಆದರೆ ಶೆಡ್ಡು ಅವರದು. ಆ ಊರಿನ ಹಳೇ ಒಕ್ಕಲು ಮನೆತನ. ಆಯುಸ್ಸಿನ ಅರ್ಧ ಭಾಗ ಸೈನ್ಯದಲ್ಲಿ ಕಳೆದು, ಒಂದು ಕಬ್ಬಿಣದ ಟ್ರಂಕು ಮತ್ತು ಬಿಳೀ ಮೀಸೆಯೊಂದಿಗೆ ವಾಪಸ್ಸಾಗಿದ್ದರು. ರಾಗಿ ಹುಲ್ಲು ತುಂಬುತ್ತಿದ್ದ ಶೆಡ್ಡನ್ನು ಬಾಡಿಗೆಯಿಲ್ಲದೆ ನಮಗೆ ಬಿಟ್ಟುಕೊಟ್ಟಿದ್ದರು. ಬಾಡಿಗೆಗೆ ಬದಲಾಗಿ ಅವರಿಗೆ ಬೇಕಾಗಿದ್ದದ್ದು ಒಂದೇ: ರಾಷ್ಟ್ರಧ್ವಜಕ್ಕೆ ಸಲ್ಲಬೇಕಾದ ಗೌರವ. ಯಾವ ಬಾಡಿಗೆಯಾದರೂ ಅದಕ್ಕಿಂತ ಸಲೀಸಾಗಿ ಕೊಡಬಹುದಿತ್ತು ಎಂದು ನನಗೆ ಆಮೇಲೆ ಅನ್ನಿಸಿದ್ದುಂಟು.

ಮಕ್ಕಳು ತ್ರಿವರ್ಣದ ಟೋಪಿ ಮಾಡಿದರೆ, “ಬಾವುಟಾನ ತಲೆ ಮ್ಯಾಲೆ ಮಡಿಕ್ಕಂಡು ಬೆವರು ಒರಿಸ್ತೀರೇನ್ರಮ್ಮ?” ಎನ್ನುವರು. ಅಂಗಳದಲ್ಲಿ ಮೂರು ಬಣ್ಣದ ರಂಗೋಲಿ ಹಾಕಿದರೆ, “ತುಳ್ಯಾಕಾ?” ಎನ್ನುವರು. ಹೀಗೆ ಒಂದೊಂದಾಗಿ ಟೋಪಿ, ರಂಗೋಲಿ, ಬೀಸಣಿಗೆ, ತಟ್ಟೆಯ ಮೇಲಿನ ಕಾಗದ ಎಲ್ಲವೂ ನಿಷೇಧವಾಗುತ್ತಾ ಹೋದವು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಮೂರು ವರ್ಷದ ಮಗು ಯಾವುದನ್ನು ಮಾಡಿದರೂ ಅದು ಕೊನೆಗೆ ತಲೆ ಮೇಲೋ, ಕಾಲ ಕೆಳಗೋ, ಬಾಯೊಳಗೋ ಹೋಗಿಯೇ ಹೋಗುತ್ತದೆ.

ಒಂದು ವರ್ಷ ಕೊನೆಗೂ ಒಂದು ದಾರಿ ಹೊಳೆಯಿತು. ಕಾಗದದ ಬಾವುಟಗಳನ್ನು ಸೆಣಬಿನ ದಾರಕ್ಕೆ ಅಂಟಿಸಿ, ಎತ್ತರದಲ್ಲಿ ತೋರಣ ಕಟ್ಟಿದರೆ ಯಾರ ಕಾಲಿಗೂ ಕೈಗೂ ಸಿಗುವುದಿಲ್ಲ. ಸುಬೇದಾರರೂ ಒಪ್ಪಿದರು. ಹದಿನಾಲ್ಕನೇ ತಾರೀಖು ಸಂಜೆ ಅಂಗಳದ ತುಂಬಾ ತೋರಣ ಕಟ್ಟಿದೆವು. ಗೋಂದು ಇನ್ನೂ ಹಸಿಯಿದ್ದುದರಿಂದ ದಾರ ಭಾರಕ್ಕೆ ಜೋತುಬಿತ್ತು. ಬೆಳಿಗ್ಗೆ ಒಣಗಿ ಮೇಲೇಳುತ್ತದೆ ಎಂದುಕೊಂಡು ಮನೆಗೆ ಹೋದೆ.

ಬೆಳಿಗ್ಗೆ ಬಂದಾಗ ದಾರವಿತ್ತು, ಬಾವುಟಗಳಿರಲಿಲ್ಲ. ಅಲ್ಲಲ್ಲಿ ಒಂದೊಂದು ತುಂಡು ಮಾತ್ರ ನೇತಾಡುತ್ತಿತ್ತು. ಸುಬೇದಾರರು ಪದಕಗಳನ್ನು ಧರಿಸಿ, ಕೈಯಲ್ಲಿ ಬೆತ್ತ ಹಿಡಿದು ಅಂಗಳದ ನಡುವೆ ನಿಂತಿದ್ದರು. ಮೀಸೆ ನಡುಗುತ್ತಿತ್ತು.

“ಯಾರು ಮಾಡಿದ್ದು ಈ ಕೆಲ್ಸಾನ? ಯೋಳಿ! ಚರ್ಮ ಸುಲೀತೀನಿ. ದೇಸದ್ರೋಯಿ ಅವನು!”

ನಾನು ಬೇಲಿಯ ಕಡೆ ನೋಡಿದೆ. ಅಲ್ಲಿ ಅವರ ಮನೆಯ ಹಸು ಕೆಂಪಿ ನಿಂತಿತ್ತು. ಬಾಯಿಂದ ಕೇಸರಿ ಬಣ್ಣದ ಜೊಲ್ಲು ಸುರಿಯುತ್ತಿತ್ತು, ಮೂತಿಯ ಮೇಲೆ ಅರ್ಧ ಚಕ್ರ ಅಂಟಿಕೊಂಡಿತ್ತು. ಸುಬೇದಾರರು ನನ್ನ ಕಣ್ಣು ಹೋದ ಕಡೆ ನೋಡಿದರು. ಬೆತ್ತ ನಿಧಾನವಾಗಿ ಕೆಳಗಿಳಿಯಿತು.

“ಮೂಕ ಪ್ರಾಣಿ. ಅದುಕ್ಕೇನು ಗೊತ್ತಾಯ್ತದೆ,” ಎಂದರು. ಕೋಪವನ್ನು ಎಲ್ಲಾದರೂ ಇಳಿಸಲೇಬೇಕಾದ್ದರಿಂದ ನನ್ನ ಕಡೆ ತಿರುಗಿದರು. “ತಿನ್ನೋ ಗೋಂದು ಯಾಕಾಕಿದ್ರಿ ಟೀಚರಮ್ಮ? ಇನ್ನೊಂದ್ಸಲ ಬಾವುಟಕ್ಕೆ ಏನಾರ ಅಪಚಾರ ಆದ್ರೆ ಶೆಡ್ಡು ಕಾಲಿ ಮಾಡ್ಬುಡಿ.”

ಆ ಮಾತು ಅಂದಿಗೆ ಮುಗಿಯಲಿಲ್ಲ. ಅವರ ಮಗ ನಾರಾಯಣ ಅದನ್ನು ಕೇಳಿಸಿಕೊಂಡಿದ್ದ. ಸುತ್ತಮುತ್ತ ಮನೆಗಳೇಳುತ್ತಿದ್ದ ಕಾಲ. ಹೊಲದ ಕೆಲಸ ಬಿಟ್ಟು ಮರಳು, ಜಲ್ಲಿ, ಸಿಮೆಂಟಿನ ವ್ಯಾಪಾರಕ್ಕಿಳಿದಿದ್ದ. ಸಿಮೆಂಟು ಇಡಲು ಅವನಿಗೆ ಶೆಡ್ಡು ಬೇಕಿತ್ತು. ಅಪ್ಪನ ಮಾತು ಮೀರುವ ಧೈರ್ಯವಿಲ್ಲದ್ದರಿಂದ ಅಪ್ಪನೇ ನಮ್ಮನ್ನು ಓಡಿಸುವ ದಿನಕ್ಕಾಗಿ ಕಾಯುತ್ತಿದ್ದ. ಮಳೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ನಮ್ಮ ಮಕ್ಕಳ ತಲೆಯ ಮೇಲಿನ ಸೋರದ ಶೀಟನ್ನು ಆಸೆಯಿಂದ ನೋಡುತ್ತಿದ್ದ.

ಈ ನಡುವೆ ನಮಗೆ ಅಂತರರಾಷ್ಟ್ರೀಯ ನೆರವು ಬಂತು. ರಾಜಲಕ್ಷ್ಮಿ ಮೇಡಂ ಅವರ ತಂಗಿ ಅಮೆರಿಕದಿಂದ ಒಂದು ಪುಸ್ತಕ ಕಳಿಸಿದರು. ಅಲ್ಲಿಯ ಸ್ವಾತಂತ್ರ್ಯ ದಿನ ಜುಲೈ ನಾಲ್ಕರಂದು. ಅದಕ್ಕೆ ಚಿಕ್ಕ ಮಕ್ಕಳಿಂದ ಮಾಡಿಸುವ ಕೈಕೆಲಸಗಳೆಲ್ಲ ಅದರಲ್ಲಿದ್ದವು. ಬಣ್ಣದ ಚಿತ್ರ, ನುಣುಪಾದ ಕಾಗದ. ಮೇಡಂ ಅದನ್ನು ನನ್ನ ಮುಂದೆ ಇಟ್ಟು, “ನಮ್ಮ ಬಣ್ಣ ಹಾಕಿದ್ರೆ ಆಯ್ತು ಕಣ್ರೀ, ನಮ್ ದೇಶದ್ದೇ ಆಗತ್ತೆ,” ಎಂದರು.

ಮೊದಲನೆಯದು ರಾಕೆಟ್ಟು. ಅದಕ್ಕೆ ಬೇಕಾದದ್ದು ಟಾಯ್ಲೆಟ್ ಪೇಪರ್ ಮುಗಿದ ಮೇಲೆ ಉಳಿಯುವ ರಟ್ಟಿನ ಕೊಳವೆ. ಅದನ್ನು ಮನೆಯಿಂದ ತರುವಂತೆ ಮಕ್ಕಳಿಗೆ ಹೇಳಿ ಕಳಿಸಿದೆವು. ಸುತ್ತಲಿನ ಯಾವ ಮನೆಯಲ್ಲೂ ಯಾರೂ ಕಂಡು ಕೇಳರಿಯದ ವಸ್ತು ಅದು. ತಾಯಂದಿರು ಒಬ್ಬರನ್ನೊಬ್ಬರು ವಿಚಾರಿಸಿದರು. ವಿಷಯ ಸುಬೇದಾರರ ಕಿವಿಗೆ ಬಿತ್ತು. ಬೆತ್ತ ಹಿಡಿದು ಬಂದರು.

“ಕಕ್ಕಸ್ಸಿನ ಕಾಗ್ದದಾಗೆ ದೇಸದ ಅಬ್ಬ ಮಾಡ್ತೀರಂತೆ, ದಿಟವಾ?”

ಮೇಡಂ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಇನ್ನಷ್ಟು ಕೆಡಿಸಿದರು. ಮೆಹರುನ್ನೀಸಾ ಅಲ್ಲಿದ್ದದ್ದು ಪುಣ್ಯ. “ನಕ್ಕೊ ಸಾಬ್, ಅದೆಲ್ಲ ಬೇಡ. ನಮ್ ಅಂಗಡೀಲಿ ದಾರದ ಕೊಳವೆ ರಾಶಿ ಬಿದ್ದಿದೆ. ಕ್ಲೀನ್ ಇರ್ತದೆ, ಕೊಡ್ತೀನಿ,” ಎಂದರು. ಟೈಲರ್ ಅಂಗಡಿಯ ಕೊಳವೆಗಳಿಂದ ರಾಕೆಟ್ಟುಗಳಾದವು.

ಎರಡನೆಯದು ಉದ್ದ ಟೋಪಿಯ, ಮೇಕೆ ಗಡ್ಡದ ಒಬ್ಬ ಅಜ್ಜ. ಅವನು ಆ ದೇಶಕ್ಕೆ ಏನೋ ಆಗಬೇಕಂತೆ. ಟೋಪಿಗೆ ಕೇಸರಿ ಬಿಳಿ ಹಸಿರು ಬಳಿದು, ಗಡ್ಡಕ್ಕೆ ಹತ್ತಿ ಅಂಟಿಸಿ, ಸಾಲಾಗಿ ನಿಲ್ಲಿಸಿದೆವು. ಸುಬೇದಾರರು ಒಬ್ಬೊಬ್ಬ ಅಜ್ಜನನ್ನೂ ಪೆರೇಡಿನಲ್ಲಿ ನೋಡುವಂತೆ ನೋಡಿದರು.

“ಇವನ್ಯಾರು?”

“ಅದು ಒಂಥರಾ ಸಿಂಬಲ್ ಸಾರ್. ರಾಷ್ಟ್ರಕ್ಕೆ ಅಜ್ಜ ಇದ್ದ ಹಾಗೆ,” ಎಂದರು ಮೇಡಂ.

ಸುಬೇದಾರರು ಯೋಚಿಸಿದರು. “ಅಂಗಂದ್ರೆ ನಮ್ ರಾಷ್ಟ್ರಪಿತಂಗೆ ಅಪ್ಪನಾ?”

ಮೇಡಂ ಪುಸ್ತಕದ ಪುಟ ತಿರುವತೊಡಗಿದರು. ಆ ಹೊತ್ತಿಗೆ ಮಗುವನ್ನು ಕರೆದೊಯ್ಯಲು ಬಂದ ಮೆಹರುನ್ನೀಸಾ ಗಡ್ಡದ ಸಾಲನ್ನು ಕಂಡು ತಲೆಯ ಮೇಲೆ ಸೆರಗು ಎಳೆದುಕೊಂಡು, “ಯಾವ ದರ್ಗಾದ ಬಾಬಾ ಮಿಸ್ ಇವ್ರು?” ಎಂದು ಮೆಲ್ಲಗೆ ಕೇಳಿದರು. ಅಜ್ಜಂದಿರನ್ನು ಅಂದೇ ಪೆಟ್ಟಿಗೆಗೆ ತುಂಬಿದೆವು. ಟೋಪಿ ಕಿತ್ತಮೇಲೆ ಎಷ್ಟೋ ವರ್ಷ ನಮ್ಮ ನಾಟಕಗಳಿಗೆ ಅವರೇ ಋಷಿಗಳಾದರು.

ಅಕ್ಟೋಬರ್ ಎರಡರ ಹಬ್ಬವನ್ನೂ ಹೇಳದೆ ಬಿಡಲಾರೆ. ಹಳೇ ಪ್ಲಾಸ್ಟಿಕ್ ಬಳೆಗಳಿಂದ ಕನ್ನಡಕ, ಬಿಳೀ ಪಂಚೆಯ ತುಂಡು, ಪ್ರತಿ ಮಗುವಿಗೂ ಒಂದು ಬಿದಿರಿನ ಊರುಗೋಲು. ನೋಡಲು ಬಹಳ ಮುದ್ದಾಗಿತ್ತು. ಆದರೆ ಕೋಲು ಕೊಟ್ಟ ಮೇಲೆ ಮಕ್ಕಳು ಅದನ್ನು ಊರಿಕೊಂಡು ನಡೆಯುತ್ತಾರೆ ಎಂದು ನಂಬಿದ್ದು ನನ್ನ ದಡ್ಡತನ. ಪ್ರಾರ್ಥನೆ ಮುಗಿಯುವ ಮೊದಲೇ ಅಹಿಂಸೆಯ ಆರಾಧಕರು ಎರಡು ಗುಂಪಾಗಿ ಹೊಡೆದಾಡಿಕೊಂಡರು. ಕನ್ನಡಕಗಳು ಮುರಿದವು. ಆ ದಿನ ನಾನು ಅತಿಥಿಗಳ ಭಾಷಣ ಕೇಳಿದ್ದಕ್ಕಿಂತ ಊದಿಕೊಂಡ ಹಣೆಗಳಿಗೆ ತಣ್ಣೀರಿನ ಬಟ್ಟೆ ಒತ್ತಿದ್ದೇ ಹೆಚ್ಚು.

ಎಂಬತ್ತರ ದಶಕದ ಶುರುವಿನಲ್ಲಿ ನನ್ನನ್ನು ಒಂದು ತರಬೇತಿಗೆ ಕಳಿಸಿದರು. ಅಲ್ಲಿ ವಯಸ್ಸಾದ ಒಬ್ಬ ಮೇಡಂ ಬಂದು ಬೋರ್ಡಿನ ಮೇಲೆ ಏನೂ ಬರೆಯದೆ, “ಮಗು ಕೆಲಸ ಮಾಡುವಾಗ ನಿಮ್ಮ ಎರಡೂ ಕೈ ಬೆನ್ನ ಹಿಂದೆ ಇರಲಿ” ಎಂದು ಹೇಳಿ ಕೂತರು. ಇದನ್ನು ಕೇಳುವುದಕ್ಕೆ ಬಸ್ಸು ಹತ್ತಿ ಇಷ್ಟು ದೂರ ಬರಬೇಕಿತ್ತೇ ಎಂದುಕೊಂಡಿದ್ದೆ. ಶೆಡ್ಡಿಗೆ ವಾಪಸ್ಸಾಗಿ ಮಾಡಿ ನೋಡಿದಾಗ ಗೊತ್ತಾಯಿತು, ಅದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಮಗು ಕಾಗದವನ್ನು ತಲೆಕೆಳಗಾಗಿ ಹಿಡಿದು, ಗೋಂದನ್ನು ತಪ್ಪು ಬದಿಗೆ ಹಚ್ಚಿ, ಅರ್ಧ ಗಂಟೆ ಒದ್ದಾಡುತ್ತದೆ. ನಮ್ಮ ಕೈ ಕಡಿಯುತ್ತದೆ. ನಾನು ಸೆರಗಿನ ತುದಿಯನ್ನು ಬೆನ್ನ ಹಿಂದೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು ನಿಲ್ಲುತ್ತಿದ್ದೆ. ಕತ್ತರಿಗಳನ್ನು ಒಳಗಿಟ್ಟು, ಮಕ್ಕಳು ಕೈಯಲ್ಲೇ ಹರಿದು ಅಂಟಿಸಲಿ ಎಂದು ಬಿಟ್ಟೆ. ರಾಜಲಕ್ಷ್ಮಿ ಮೇಡಂ ಅದನ್ನು ನೋಡಿ, “ಇವೇನ್ರೀ, ಇಲಿ ಕಡಿದ ಹಾಗಿವೆ,” ಎಂದರು.

ಆ ವರ್ಷಗಳಲ್ಲೇ ಗೌರಿ ಬಂದದ್ದು. ಸುಬೇದಾರರ ಮೊಮ್ಮಗಳು, ನಾರಾಯಣನ ಮಗಳು. ಮೂರು ತುಂಬಿತ್ತು, ಯಾರ ಹತ್ತಿರವೂ ಮಾತಾಡುತ್ತಿರಲಿಲ್ಲ. ಕಿವಿ ಚೆನ್ನಾಗಿದೆ, ನಾಲಿಗೆ ಚೆನ್ನಾಗಿದೆ, ಕಾಯಿರಿ ಎಂದು ಡಾಕ್ಟರು ಹೇಳಿದ್ದರು. ಕೊಟ್ಟಿಗೆಯಲ್ಲಿ ಒಬ್ಬಳೇ ಇದ್ದಾಗ ಹಸುವಿನ ಕಿವಿಗೆ ಏನೋ ಪಿಸುಗುಟ್ಟುವುದನ್ನು ಅವಳ ತಾಯಿ ಕದ್ದು ಕೇಳಿದ್ದರಂತೆ. ಮನುಷ್ಯರು ಬಂದರೆ ಬಾಯಿ ಮುಚ್ಚುತ್ತಿದ್ದಳು. ತಾತನಿಗೂ ತಲೆಯಾಡಿಸುವುದೇ ಉತ್ತರ. ಊರಿನವರು ಮೂಗಿ ಎಂದು ಹೆಸರಿಟ್ಟಿದ್ದರು. ಅದು ಸುಬೇದಾರರ ಎದುರಿಗೆ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಆದರೂ ಅವರಿಗೆ ಗೊತ್ತಿತ್ತು.

ಗೌರಿ ನನ್ನ ಕೈಕೆಲಸದ ಹೊತ್ತಿಗೆ ಮಾತ್ರ ಜೀವ ಬಂದಂತೆ ಓಡಿಬರುತ್ತಿದ್ದಳು. ಕಾಗದ ಹರಿಯುವುದು, ಸಾಲಾಗಿ ಅಂಟಿಸುವುದು. ಎರಡನೇ ವರ್ಷದ ಜುಲೈ ಪೂರ್ತಿ ಅವಳು ಮಾಡಿದ್ದು ಒಂದೇ ಚಿತ್ರ: ಮೇಲೆ ಕೇಸರಿ ಚೂರುಗಳು, ನಡುವೆ ಬಿಳಿ, ಕೆಳಗೆ ಹಸಿರು. ಮುಗಿದ ಕೂಡಲೇ ಇನ್ನೊಂದು ಕಾಗದಕ್ಕೆ ಕೈ ಚಾಚುತ್ತಿದ್ದಳು. ಪಕ್ಕದಲ್ಲಿ ಮೆಹರುನ್ನೀಸಾರ ಕಿರಿಯ ಮಗಳು ನಸ್ರೀನ್ ಕೂರುತ್ತಿದ್ದಳು. ಗೌರಿ ಆಡದೆ ಉಳಿಸಿದ ಮಾತನ್ನೆಲ್ಲ ಇವಳೇ ಆಡುತ್ತಿದ್ದಳು. ನಸ್ರೀನಳ ಗಂಟಲು ಹೆಬ್ಬಾಳ ಕೆರೆಯ ಏರಿಗೆ ಕೇಳಿಸುವಂಥದು.

ಆ ವರ್ಷದ ಆಗಸ್ಟ್ ಹತ್ತಿರ ಬಂದಾಗ ನಾರಾಯಣ ಅಪ್ಪನ ಜೊತೆ ಶೆಡ್ಡಿಗೆ ಬಂದ. ನನ್ನ ಎದುರಿಗೇ ಶುರುಮಾಡಿದ.

“ಎಲ್ಡು ವರ್ಸ ಆಯ್ತಪ್ಪ ಇವ್ಳು ಇಲ್ಲಿಗೆ ಬಂದು. ಒಂದು ಮಾತು ಬಂತಾ? ದಿನಾ ಗೋಂದು ಮೆತ್ಕಂಡು ಬರ್ತಾಳೆ, ಅಷ್ಟೆಯ. ಅಲ್ಲಿ ನನ್ ಸಿಮೆಂಟು ಮಳೆಗೆ ಕಲ್ಲಾಯ್ತಾ ಐತೆ.”

ಅವನು ಹೋದ ಮೇಲೆ ಸುಬೇದಾರರು ನನ್ನ ಹತ್ತಿರ ಬಂದು, ನಾನು ಅದುವರೆಗೆ ಕೇಳಿರದ ಸಣ್ಣ ದನಿಯಲ್ಲಿ ಹೇಳಿದರು: “ಟೀಚರಮ್ಮ, ಅದ್ನೈದನೇ ತಾರೀಕು ಮಗೀನ ಕೈಲಿ ಒಂದು ಜೈ ಹಿಂದ್ ಅನ್ನಿಸ್ತೀರಾ? ಒಂದೇ ಒಂದು. ಅಷ್ಟಾದ್ರೆ ಶೆಡ್ಡಿನ ಮಾತು ಇವನು ಎತ್ತದಂಗೆ ನಾನ್ ನೋಡ್ಕತೀನಿ.”

“ಬಲವಂತ ಮಾಡಿದ್ರೆ ಇನ್ನೂ ಒಳಕ್ಕೆ ಹೋಗ್ತಾಳೆ ಸಾರ್,” ಎಂದೆ.

ಅವರು ಸುಮ್ಮನೆ ತಲೆಯಾಡಿಸಿದರು, ಗೌರಿಯ ಹಾಗೆಯೇ.

ಈ ವಿಷಯ ತಿಳಿದ ರಾಜಲಕ್ಷ್ಮಿ ಮೇಡಂ ಒಂದು ಕ್ಷಣವೂ ಎದೆಗುಂದಲಿಲ್ಲ. ಮಕ್ಕಳ ನವಿಲಿಗೆ ಅವರು ಕಂಡುಕೊಂಡ ಉಪಾಯವನ್ನೇ ಮಗುವಿನ ಬಾಯಿಗೂ ಅನ್ವಯಿಸಿದರು. ರಾಷ್ಟ್ರಗೀತೆ ಮುಗಿದ ಕೂಡಲೇ ಗೌರಿ ಮುಂದೆ ಬಂದು ಬಾಯಿ ತೆರೆಯಬೇಕು. ಅವಳ ಬೆನ್ನ ಹಿಂದೆ ನಿಂತ ನಸ್ರೀನ್ ಜೈ ಹಿಂದ್ ಎಂದು ಕೂಗಬೇಕು.

“ಮೇಡಂ, ಇದು ಮೋಸ ಅಲ್ವಾ?”

“ಸಿನಿಮಾದಲ್ಲಿ ಹೀರೋಯಿನ್ನೇ ಹಾಡ್ತಾಳೇನ್ರೀ? ಅಜ್ಜನಿಗೆ ಒಂದು ಸಂತೋಷ ಕಣ್ರೀ. ಶೆಡ್ಡೂ ಉಳಿಯುತ್ತೆ.”

ಅಭ್ಯಾಸ ನಡೆಯಿತು. ನಸ್ರೀನ್ ತನ್ನ ಪಾಲನ್ನು ಅದ್ಭುತವಾಗಿ ಮಾಡಿದಳು. ಗೌರಿ ಬಾಯಿಯನ್ನೇ ತೆರೆಯಲಿಲ್ಲ. “ಬಾಯಿ ತೆಗಿ ಗೌರಿ, ಆವಾಜ್ ನಾನ್ ಕೊಡ್ತೀನಿ,” ಎಂದು ನಸ್ರೀನ್ ಬೇಡಿಕೊಂಡಳು. ಗೌರಿ ತುಟಿ ಬಿಗಿಹಿಡಿದು, ಮೇಡಂ ಅವರನ್ನು ನೋಡುತ್ತಾ ನಿಂತಳು. ಹಬ್ಬದ ದಿನದ ಹೊತ್ತಿಗೆ ಸರಿಹೋಗುತ್ತದೆ ಎಂದು ಮೇಡಂ ಧೈರ್ಯ ಹೇಳಿದರು.

ಆ ವರ್ಷ ಇಲಾಖೆಯ ಅಧಿಕಾರಿಯೊಬ್ಬರನ್ನು ಬಾವುಟ ಹಾರಿಸಲು ಕರೆದಿದ್ದೆವು. ಅವರು ಮನಸ್ಸು ಮಾಡಿದರೆ ಶಿಶುವಿಹಾರಕ್ಕೆ ಸರ್ಕಾರದ ನೆರವು ಸಿಗುವುದಿತ್ತು. ಸರ್ಕಾರಿ ಅಧಿಕಾರಿಗಳು ತಡವಾಗಿ ಬರುತ್ತಾರೆ ಎಂಬ ನಂಬಿಕೆಯ ಮೇಲೆಯೇ ನಮ್ಮ ಏರ್ಪಾಡೆಲ್ಲ ನಿಂತಿತ್ತು. ಅವರು ಹೇಳಿದ್ದಕ್ಕಿಂತ ಮುಂಚೆಯೇ ಬಂದುಬಿಟ್ಟರು. ನನ್ನ ಇಡೀ ವೃತ್ತಿಯಲ್ಲಿ ಅಂಥದ್ದು ಕಂಡದ್ದು ಅದೊಂದೇ ಸಲ.

ಜೀಪಿನ ಸದ್ದು ಕೇಳಿದಾಗ ಸುಬೇದಾರರು ಹೂವಿನ ಎಸಳು ತುಂಬಿ ಬಾವುಟ ಮಡಿಸುತ್ತಿದ್ದರು. ಪ್ರತಿ ವರ್ಷ ಆ ಕೆಲಸ ಅವರದೇ; ಬೇರೆಯವರು ಮುಟ್ಟುವಂತಿರಲಿಲ್ಲ. ಮೇಡಂ, “ಬೇಗ ಕಟ್ಟಿ ಸಾರ್, ಬೇಗ!” ಎಂದು ಗಾಬರಿ ಮಾಡಿ, ಅಧಿಕಾರಿಯನ್ನು ತಡೆದು ನಿಲ್ಲಿಸಲು ಪ್ರದರ್ಶನದ ಮೇಜಿನ ಹತ್ತಿರ ಕರೆದೊಯ್ದರು. ಮೇಜಿನ ಅರ್ಧ ಸಮಾಜದ ಹೆಂಗಸರ ನವಿಲು, ಹುಲಿ, ತಾವರೆ; ನಾನು ಹಟ ಹಿಡಿದು ಉಳಿಸಿಕೊಂಡ ಇನ್ನರ್ಧದಲ್ಲಿ ಮಕ್ಕಳು ಹರಿದು ಅಂಟಿಸಿದ ಚಿತ್ರಗಳು. ಅಧಿಕಾರಿ ನವಿಲನ್ನು ನೋಡಿ, “ಮಕ್ಕಳ ಕೈ ಎಷ್ಟು ಪಳಗಿದೆ!” ಎಂದು ಮೆಚ್ಚಿದರು. ಹರಿದ ಕಾಗದಗಳನ್ನು ನೋಡಿ, “ಇದನ್ನ ಆಮೇಲೆ ಕ್ಲೀನ್ ಮಾಡಿಸ್ತೀರಲ್ವಾ?” ಎಂದರು.

ಎಲ್ಲರೂ ಕಂಬದ ಸುತ್ತ ನಿಂತೆವು. ಮಕ್ಕಳು ಮುಂದಿನ ಸಾಲಿನಲ್ಲಿ. ಗೌರಿ, ಅವಳ ಹಿಂದೆ ನಸ್ರೀನ್. ಅಧಿಕಾರಿ ಹಗ್ಗ ಎಳೆದರು. ಹೂವು ಉ‌ದುರಿತು. ಬಾವುಟ ಬಿಚ್ಚಿಕೊಂಡಿತು. ಹಸಿರು ಮೇಲಿತ್ತು.

ಅಷ್ಟರಲ್ಲಿ ಮಕ್ಕಳು ರಾಷ್ಟ್ರಗೀತೆ ಶುರುಮಾಡಿಬಿಟ್ಟಿದ್ದರು. ಹಾಡು ನಡೆಯುವಾಗ ಯಾರೂ ಅಲುಗಾಡಬಾರದು ಎಂದು ಅವರಿಗೆ ಕಲಿಸಿದವಳು ನಾನೇ. ಹಾಗಾಗಿ ನಾವೆಲ್ಲ ಕಲ್ಲಿನಂತೆ ನಿಂತು, ತಲೆಕೆಳಗಾದ ಬಾವುಟಕ್ಕೆ ಗೌರವ ಸಲ್ಲಿಸಿದೆವು. ಮೇಡಂ ಅವರ ಕಣ್ಣು ಮಾತ್ರ ನನ್ನ ಕಡೆ ಹೊರಳಿ ಹೊರಳಿ ಬರುತ್ತಿತ್ತು. ಅಧಿಕಾರಿ ತಮ್ಮ ಬೂಟುಗಳನ್ನು ನೋಡುತ್ತಿದ್ದರು. ನಾರಾಯಣ ಶೆಡ್ಡಿನ ಉದ್ದಗಲ ಅಳೆಯುವವನಂತೆ ನೋಡುತ್ತಿದ್ದ. ಸುಬೇದಾರರು ಸೆಲ್ಯೂಟ್ ಹೊಡೆದ ಕೈ ಇಳಿಸದೆ ಮೇಲಕ್ಕೆ ದಿಟ್ಟಿಸುತ್ತಿದ್ದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಅಷ್ಟು ವರ್ಷ ಅವರ ಕಾಟಕ್ಕೆ ಬೇಸತ್ತವಳು ನಾನು. ಆ ಮುಖ ನೋಡಿ ನನಗೆ ಸಂತೋಷವಾಗಲಿಲ್ಲ.

ಹಾಡು ಮುಗಿಯಿತು. ನೋಡದಂತೆ ನಟಿಸಿ ಮುಂದೆ ಹೋಗುವುದೇ ವಾಸಿ ಎಂದು ತೀರ್ಮಾನಿಸಿದ ಮೇಡಂ ನಸ್ರೀನಳಿಗೆ ಕಣ್ಸನ್ನೆ ಮಾಡಿದರು. ಆಗ ಒಂದು ಸಣ್ಣ, ಒಡಕು ದನಿ ಕೇಳಿಸಿತು.

“ತಾತ, ಅಸ್ರು ಮ್ಯಾಕೈತೆ. ಕೇಸ್ರಿ ಮ್ಯಾಕಿರ್ಬೇಕು.”

ತನ್ನ ಸರದಿ ಬಂತೆಂದುಕೊಂಡ ನಸ್ರೀನ್ ಗಂಟಲು ಹರಿಯುವಂತೆ “ಜೈ ಹಿಂದ್!” ಎಂದಳು. ಮಕ್ಕಳೆಲ್ಲ “ಜೈ ಹಿಂದ್!” ಎಂದು ಕೂಗಿದರು.

ಮೇಡಂ ಬಗ್ಗಿ ನಸ್ರೀನಳ ತೋಳು ಹಿಡಿದು, “ಏನೇ ಅಂದೆ ನೀನು? ಅಸ್ರು ಗಿಸ್ರು ಅಂತ ಯಾರು ಹೇಳ್ಕೊಟ್ರು?” ಎಂದರು.

“ನಾನಲ್ಲ ಮಿಸ್! ಗೌರಿ! ಖುದ್ದು ಗೌರೀನೇ ಮಾತಾಡಿದ್ಲು!”

ಸುಬೇದಾರರ ಕೈ ಹಣೆಯಿಂದ ಇಳಿಯಿತು. ಅವರು ಅಧಿಕಾರಿಯನ್ನೂ ನೋಡಲಿಲ್ಲ, ನಮ್ಮನ್ನೂ ನೋಡಲಿಲ್ಲ. ಕಂಬದ ಹತ್ತಿರ ಹೋಗಿ ಬಾವುಟವನ್ನು ನಿಧಾನವಾಗಿ ಇಳಿಸಿ, ನೆಲಕ್ಕೆ ತಾಗದಂತೆ ಎರಡೂ ತೋಳಿನ ಮೇಲೆ ಹಾಕಿಕೊಂಡು ಮೊಮ್ಮಗಳ ಮುಂದೆ ಬಂದು ನಿಂತರು.

“ಯಾವುದು ಮ್ಯಾಕಿರ್ಬೇಕವ್ವ?”

“ಕೇಸ್ರಿ.”

“ಮಧ್ಯಕ್ಕೆ?”

“ಬಿಳಿ.”

“ಕೆಳಕ್ಕೆ?”

“ಅಸ್ರು. ಅಷ್ಟೂ ಗೊತ್ತಿಲ್ವಾ?”

ಅವರು ಕಟ್ಟಿದರು. ಗಂಟನ್ನು ಎರಡು ಸಲ ಬಿಚ್ಚಿ, ಬಣ್ಣ ನೋಡಿ, ಮತ್ತೆ ಹಾಕಿದರು. ನಾರಾಯಣ ಮಕ್ಕಳ ಸಾಲನ್ನು ದಾಟಿ ಬಂದು, ಮಗಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅವಳ ಫ್ರಾಕಿಗೆ ಅಂಟಿದ್ದ ಒಣ ಗೋಂದನ್ನು ಉಗುರಿನಿಂದ ಕೆರೆಯತೊಡಗಿದ. ಎರಡನೇ ಸಲ ಹೂವಿಲ್ಲದೆ ಬಾವುಟ ಮೇಲೇರಿತು. ಎರಡನೇ ಸಲ ರಾಷ್ಟ್ರಗೀತೆ ಹಾಡಿದೆವು.

ಆಮೇಲೆ ಅಧಿಕಾರಿ ಭಾಷಣ ಮಾಡಿದರು. ನಾನು ತಲೆ ತಗ್ಗಿಸಿ ಕೂತಿದ್ದೆ, ಮೇಡಂ ಕರ್ಚೀಫು ಹಿಂಡುತ್ತಿದ್ದರು. ಅಧಿಕಾರಿ ಹೇಳಿದರು: “ಎಷ್ಟೋ ಶಾಲೆಗಳಿಗೆ ಹೋಗಿದ್ದೇನೆ. ಮೊದಲು ಬೇಕೆಂತಲೇ ತಪ್ಪು ಮಾಡಿ ತೋರಿಸಿ, ಸರಿಯಾದದ್ದನ್ನು ಮಗುವಿನ ಬಾಯಿಂದಲೇ ಹೇಳಿಸುವ ಈ ಹೊಸ ಬೋಧನಾ ವಿಧಾನವನ್ನು ಎಲ್ಲೂ ನೋಡಿರಲಿಲ್ಲ. ಬಹಳ ಸಂತೋಷ. ಇದನ್ನು ಬೇರೆಯವರೂ ಅನುಸರಿಸಬೇಕು.”

ಮೇಡಂ ಎದ್ದು ನಿಂತು, “ತಿಂಗಳಿಂದ ಪ್ರಾಕ್ಟೀಸ್ ಮಾಡಿಸಿದ್ವಿ ಸಾರ್,” ಎಂದರು. ಸರ್ಕಾರದ ನೆರವು ಆ ವಿಧಾನಕ್ಕೇ ಬಂತು. ಮುಂದಿನ ವರ್ಷ ಬೇರೆ ಎರಡು ಶಿಶುವಿಹಾರದ ಟೀಚರುಗಳು ಅದನ್ನು ಕಲಿಯಲು ನನ್ನ ಹತ್ತಿರ ಬಂದಾಗ, ಏನು ಕಲಿಸಬೇಕೆಂದು ತಿಳಿಯದೆ ಗೋಂದು ಕಾಯಿಸುವುದನ್ನು ಹೇಳಿಕೊಟ್ಟು ಕಳಿಸಿದೆ. ಶೆಡ್ಡಿನ ಮಾತನ್ನು ನಾರಾಯಣ ಮತ್ತೆ ಎತ್ತಲಿಲ್ಲ. ಪಕ್ಕದಲ್ಲಿ ತನ್ನದೇ ಒಂದು ಗೋಡೌನು ಕಟ್ಟಿಸಿಕೊಂಡ.

ಆ ದಿನ ಅತಿಥಿಗಳೆಲ್ಲ ಹೋದ ಮೇಲೆ ನಾನು ಮೇಜು ಒರೆಸುತ್ತಿದ್ದೆ. ಸುಬೇದಾರರು ಮೊಮ್ಮಗಳ ಕೈ ಹಿಡಿದು ಹೊಲದ ಬದುವಿನ ಮೇಲೆ ಮನೆಗೆ ಹೊರಟಿದ್ದರು. ಪದಕಗಳು ಎದೆಯ ಮೇಲೆ ಕಿಣಿಕಿಣಿ ಅನ್ನುತ್ತಿದ್ದವು. ಅವರ ಮಾತು ನನಗೆ ಕೇಳಿಸುತ್ತಿತ್ತು.

“ಆಕಾಸ ಎಲ್ಲೈತವ್ವ?”

“ಮ್ಯಾಕೆ.”

“ರಾಗಿ?”

“ಕೆಳಕೆ.”

“ಆ ಅಕ್ಕಿ?”

ಗೌರಿ ತಲೆಯೆತ್ತಿ ಹಾರುತ್ತಿದ್ದ ಹಕ್ಕಿಯನ್ನು ನೋಡಿದಳು. “ಮ್ಯಾಕೆ.”

“ನಿನ್ ತಾತನ ಬುದ್ಧಿ?”

ಅವಳು ನಿಂತು ಯೋಚಿಸಿದಳು. ಅವರೂ ಕೈ ಬಿಡದೆ ನಿಂತು ಕಾದರು.

“ಕೆಳಕೆ,” ಎಂದಳು.

ಸುಬೇದಾರರು ಗಹಗಹಿಸಿ ನಕ್ಕರು. ಅಷ್ಟು ವರ್ಷಗಳಲ್ಲಿ ಅವರ ನಗುವನ್ನು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಕೆಮ್ಮಿ, ಕಣ್ಣೊರೆಸಿಕೊಂಡು, ಇನ್ನೊಂದು ಪ್ರಶ್ನೆ ಕೇಳಿದರು.